ನಾಲ್ಕು ಕಡೆ ಹೋದ ಮಣ್ಣು

ಕಡೂರಿನಲ್ಲಿ ಈಗ ನಡೆಯುತ್ತಿರುವ ಕೆಲಸಕ್ಕೆ ಮೊನ್ನೆ ಜೆಸಿಬಿ ಬಂತು. ಹಿಂದಿನ ದಿನ ಒಂದು ಹದ ಮಳೆಯಾಗಿತ್ತು. ಮೊದಲ ಬಕೆಟ್ ಮಣ್ಣು ಮೇಲೆದ್ದ ಕೂಡಲೇ ಎರೆಮಣ್ಣಿನ ತಣ್ಣಗಿನ, ಸ್ವಲ್ಪ ಹುಳಿ ಬೆರೆತಂಥ ವಾಸನೆ ಮುಖಕ್ಕೆ ಬಂದು ಬಡಿಯಿತು. ನನ್ನ ಜೊತೆ ಕೆಲಸ ಮಾಡುವ ಹುಡುಗಿ ಛತ್ರಿ ಬಿಚ್ಚಿಕೊಂಡು ಬಂದು, "ಮೇಡಂ, ಅಗೆಯೋದನ್ನ ಏನ್ ನೋಡ್ತೀರಾ, ನೆರಳಲ್ಲಿ ಕೂತ್ಕೊಳ್ಳಿ, ನಾನು ನೋಡ್ಕೋತೀನಿ" ಅಂದಳು. ನಾನು ಕೂರಲಿಲ್ಲ. ಐದು ವರ್ಷದಿಂದ ನನ್ನ ಯಾವ ಕೆಲಸದಲ್ಲೂ ಮಣ್ಣು ತೆಗೆಯುವ ಹೊತ್ತಿಗೆ ಗುಂಡಿಯ ಅಂಚು ಬಿಟ್ಟು ಕದಲಿದವಳಲ್ಲ. ಅದನ್ನು ಶಿಸ್ತು ಎಂದು ಆ ಹುಡುಗಿ ತಿಳಿದುಕೊಂಡಿದ್ದಾಳೆ. ಐದು ವರ್ಷದ ಹಿಂದೆ ಅಜ್ಜಂಪುರದಲ್ಲಿ ನಡೆದ ಕತೆ ಅವಳಿಗೆ ಗೊತ್ತಿಲ್ಲ.

ಅಜ್ಜಂಪುರ ಆಗಿನ್ನೂ ಹೊಸದಾಗಿ ತಾಲ್ಲೂಕು ಕೇಂದ್ರವಾಗಿತ್ತು. ತಾಲ್ಲೂಕು ಊರು ಅಂದ ಮೇಲೆ ಒಂದು ಪಾರ್ಕ್ ಬೇಡವೇ ಎಂದು ಜನ ಕೇಳಿದರು. ಬಸ್ ಸ್ಟ್ಯಾಂಡಿನ ಹಿಂದೆ ಒಂದೂವರೆ ಎಕರೆ ಖಾಲಿ ಜಾಗವಿತ್ತು. ಅದರ ನಕ್ಷೆ ಮಾಡಿ, ಕೆಲಸ ಮುಗಿಯುವವರೆಗೆ ನೋಡಿಕೊಳ್ಳುವ ಹೊಣೆ ನನಗೆ ಬಂತು. ನನಗಾಗ ಮೂವತ್ತೆರಡು. ಅದಕ್ಕೆ ಮೊದಲು ತರೀಕೆರೆಯಲ್ಲಿ ಒಂದು ಸಣ್ಣ ವಾಕಿಂಗ್ ದಾರಿ ಮಾಡಿದ್ದೆ, ಅಷ್ಟೇ. ಗೇಟಿನಿಂದ ಹಿಡಿದು ಕೊನೆಯ ಗಿಡದವರೆಗೆ ಇಡೀ ಪಾರ್ಕು ನನ್ನ ಕೈಯಿಂದಲೇ ಆಗುವುದು ಅದೇ ಮೊದಲು. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಅಂದರೆ ಏನೆಂದು ಕಡೂರಿನ ನಮ್ಮ ಬೀದಿಯಲ್ಲಿ ಯಾರಿಗೂ ತಿಳಿಯದು. ಕೇಳಿದವರಿಗೆ ಅಪ್ಪ "ಗಿಡದ ಇಂಜಿನಿಯರ್ರು" ಅಂದುಬಿಡುತ್ತಿದ್ದರು. ನಾನು ಬೆಳಿಗ್ಗೆ ಸ್ಕೂಟರಿನಲ್ಲಿ ಬೀರೂರು ದಾಟಿ ಅಜ್ಜಂಪುರಕ್ಕೆ ಹೋಗಿ, ಸಂಜೆ ಮನೆಗೆ ಬರುತ್ತಿದ್ದೆ.

ನಮ್ಮ ಕೆಲಸದಲ್ಲಿ ಮೊದಲ ತಿಂಗಳು ಗೆರೆ ಎಳೆಯುವುದಿಲ್ಲ. ಜಾಗದಲ್ಲಿ ಸುಮ್ಮನೆ ಕೂರಬೇಕು. ಯಾವ ಹೊತ್ತಿಗೆ ನೆರಳು ಎಲ್ಲಿ ಬೀಳುತ್ತದೆ, ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದೆ, ಜನ ಯಾವ ಕಡೆಯಿಂದ ಅಡ್ಡ ಹಾಯುತ್ತಾರೆ, ಎಲ್ಲಿ ಕೂರುತ್ತಾರೆ, ಯಾಕೆ ಕೂರುತ್ತಾರೆ ಎಂದು ಬರೆದುಕೊಳ್ಳಬೇಕು. ಯುಗಾದಿ ಮುಗಿದ ಬಿಸಿಲು. ಜಾಗದ ತುಂಬ ಬಳ್ಳಾರಿ ಜಾಲಿ, ಒಡೆದ ಬಾಟಲಿ, ಬಿರುಕು ಬಿಟ್ಟ ಎರೆಮಣ್ಣು. ಮೂಡಣ ಬದಿಯಲ್ಲಿ ಮಾತ್ರ ಒಂದು ದೊಡ್ಡ ಹುಣಸೆ ಮರ, ಅದರಾಚೆ ಮನೆಗಳ ಸಾಲು. ಬಸ್ಸಿಗೆ ಕಾಯುವ ಮುದುಕರು ನನ್ನನ್ನು ಮಾತಾಡಿಸಿಕೊಂಡು ಹೋಗುತ್ತಿದ್ದರು. ಬೆಂಚು ಹೂವಿನ ಕಡೆ ಮುಖ ಮಾಡಿ ಹಾಕಿಸುತ್ತೇನೆ ಅಂದಾಗ ಒಬ್ಬರು ನಕ್ಕು, "ಹೂವ ಏನ್ ನೋಡಾದು ಕಣಮ್ಮ, ಬಸ್ಸಿಂದ ಯಾರ್ ಇಳೀತಾರೆ ಅಂತ ನೋಡ್ಬೇಕು. ಆ ಕಡೆ ತಿರುಗ್ಸಿ ಹಾಕ್ಸು" ಅಂದರು. ನಾನು ಹಾಗೇ ಬರೆದುಕೊಂಡೆ. ಆ ಬೆಂಚುಗಳು ಈಗಲೂ ಬಸ್ ಸ್ಟ್ಯಾಂಡಿನ ಕಡೆಗೇ ಮುಖ ಮಾಡಿ ಕೂತಿವೆ.

ಮೊದಲ ವಾರದಲ್ಲೇ ನನ್ನ ಪುಸ್ತಕದಲ್ಲಿ ಒಂದು ಸಾಲು ಬಿದ್ದಿತ್ತು: "ಹತ್ತೂವರೆ. ಒಬ್ಬ ಹೆಂಗಸು. ಬಿಸಿಲಲ್ಲಿ ಕೂತಿದ್ದಾಳೆ. ಯಾಕೆ?" ಹತ್ತೂವರೆಗೆ ಹುಣಸೆ ಮರದ ನೆರಳು ಪಡುವಣಕ್ಕೆ ಇರುತ್ತದೆ. ಆಕೆ ಬಂದು ಕೂರುತ್ತಿದ್ದದ್ದು ಮೂಡಣಕ್ಕೆ, ಸುಡುವ ಬಿಸಿಲಲ್ಲಿ, ಮರದಿಂದ ಸ್ವಲ್ಪ ದೂರ. ಪಕ್ಕದಲ್ಲಿ ಖಾಲಿ ಬುಟ್ಟಿ. ಅರ್ಧ ಗಂಟೆ ಕೂತು, ಸೆರಗಲ್ಲಿ ಮುಖ ಒರೆಸಿಕೊಂಡು ಎದ್ದು ಹೋಗುವುದು. ದಿನವೂ ಹೀಗೇ. ಬಸ್ ಸ್ಟ್ಯಾಂಡಿನಲ್ಲಿ ವೀಳ್ಯದೆಲೆ ಮಾರುವ ಹಾಲಮ್ಮ ಎಂದು ಆಮೇಲೆ ಗೊತ್ತಾಯಿತು. ಐವತ್ತು ದಾಟಿದ, ಸಣಕಲು ದೇಹದ, ಗಟ್ಟಿ ದನಿಯ ಹೆಂಗಸು.

"ಈ ಕಡೆ ನೆರಳಿದೆಯಲ್ಲಮ್ಮ" ಎಂದು ಒಂದು ದಿನ ಕರೆದೆ.

"ನಂಗೆ ಇಲ್ಲೇ ಸರಿ ಕಣವ್ವ. ನೀವು ಬರ್ಕೊಳ್ಳಿ."

ನಾನು ಕಡೂರಿನವಳು ಎಂದು ತಿಳಿದ ಮೇಲೆ ನನ್ನನ್ನು "ಕಡೂರವ್ವ" ಎಂದು ಕರೆಯತೊಡಗಿದರು. ಮಾರಿ ಉಳಿದ ಎಲೆ ಕೊಡುವರು. ನಾನು ಮನೆಯಿಂದ ತಂದ ಚಿತ್ರಾನ್ನ ಕೊಡುವೆ. ಅವರ ಗಂಡ ಮರುಳಪ್ಪ ಟೈಲರು, ಮನೆಯ ಜಗುಲಿಯ ಮೇಲೇ ಮಿಷನ್ ಇಟ್ಟುಕೊಂಡು ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಾರೆ. ಒಬ್ಬಳು ಮಗಳು, ಹೊಸದುರ್ಗಕ್ಕೆ ಕೊಟ್ಟಿದೆ. ಇಷ್ಟೆಲ್ಲ ಹೇಳಿದರೂ ಬಿಸಿಲಿನ ಮಾತು ಮಾತ್ರ ಬರಲಿಲ್ಲ. ತಿಂಗಳ ಕೊನೆಗೆ ನಾನು ಸುಣ್ಣದ ಪುಡಿಯಲ್ಲಿ ಗುರುತು ಹಾಕಿಸಲು ಶುರು ಮಾಡಿದ ದಿನ ಆಕೆ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಇಲ್ಲಿ ನನ್ ಮಗ ಇದಾನೆ ಕಣವ್ವ" ಅಂದರು.

ಮೂವತ್ತೊಂದು ವರ್ಷದ ಹಿಂದಿನ ಮಾತು. ಚೊಚ್ಚಲ ಗಂಡು. ಹುಟ್ಟಿ ಹನ್ನೆರಡು ದಿನ, ಇನ್ನೂ ಹೆಸರಿಟ್ಟಿರಲಿಲ್ಲ. ಕೂಸಿಗೆ ಕಾಮಾಲೆ ಏರಿತು, ಹಾಲು ಬಿಟ್ಟಿತು. ಹಾಲಮ್ಮನಿಗೆ ಬಾಣಂತಿ ಜ್ವರ, ಎದ್ದು ಕೂರುವ ಶಕ್ತಿಯಿಲ್ಲ. ಅತ್ತೆ ಇವರ ಹತ್ತಿರ ಉಳಿದರು, ಮರುಳಪ್ಪ ಒಬ್ಬರೇ ಕೂಸನ್ನೆತ್ತಿಕೊಂಡು ಶಿವಮೊಗ್ಗದ ಆಸ್ಪತ್ರೆಗೆ ಹೋದರು. ಮಾರನೇ ದಿನ ಸಂಜೆ ಬರಿಗೈಯಲ್ಲಿ ಬಂದರು. ಎಲ್ಲಿ ಎಂದು ಕೇಳಿದರೆ, ಬಸ್ ಸ್ಟ್ಯಾಂಡ್ ಹಿಂದಿನ ಹುಣಸೆ ಮರದ ಕೆಳಗೆ ಮಣ್ಣು ಮಾಡಿ ಬಂದೆ ಅಂದರು.

"ಮರದಿಂದ ಮೂಡ್ಲಕ್ಕೆ ಆರು ಹೆಜ್ಜೆ ಅಂದಿದ್ದ. ಅವ್ನ ಹೆಜ್ಜೆ ದೊಡ್ಡದು. ನನ್ ಹೆಜ್ಜೇಲಿ ಎಂಟು" ಎಂದು ಹಾಲಮ್ಮ ಕೂತ ಜಾಗವನ್ನು ಅಂಗೈಯಿಂದ ಸವರಿದರು. "ಮುಖಾನೂ ಸರಿಯಾಗ್ ನೋಡಿರ್ಲಿಲ್ಲ ನಾನು. ಜ್ವರದ ಮಂಪರು. ಎದ್ದು ಓಡಾಡೋ ಹಂಗಾದ ಮೇಲೆ ಇಲ್ಲಿ ಬಂದ್ ಕೂತೆ. ಅವತ್ತಿಂದ ಹಿಂಗೇ."

ಆಮೇಲೆ ಅವರೇ ಹೇಳಿದರು: "ನಾಲ್ಕು ಜನಕ್ಕೆ ಹೇಳ್ಬೇಡಿ. ಹೇಳಿದ್ರೆ ಶಾಂತಿ ಮಾಡ್ಸಿ, ತೆಗ್ದು ಬೇರೆ ಕಡೆ ಹಾಕ್ತೀವಿ ಅಂತಾರೆ. ಏನಾರ ಕಟ್ಕೊಳ್ಳಿ, ಬೇಡ ಅನ್ನಲ್ಲ. ಅಗೀಬೇಡಿ ಅಷ್ಟೇ."

"ಅಗೆಯಲ್ಲ ಹಾಲಮ್ಮ. ಮಾತು ಕೊಡ್ತೀನಿ" ಅಂದೆ.

ಅಂದು ಸಂಜೆ ನಕ್ಷೆಯಲ್ಲಿ ಮರದ ಮೂಡಣಕ್ಕೆ ಒಂದು ಹಸಿರು ಪಟ್ಟಿ ಎಳೆದು "ಹುಲ್ಲು" ಎಂದು ಬರೆದೆ. ಮಕ್ಕಳ ಆಟದ ಜಾಗವನ್ನು ಪಡುವಣದ ದೊಡ್ಡ ಗೇಟಿನ ಹತ್ತಿರ ಇಟ್ಟೆ.

ಮುಂಗಾರು ಶುರುವಾಗುವ ಹೊತ್ತಿಗೆ ಶಾಲೆಯ ಹಾಲಿನಲ್ಲಿ ಊರಿನವರ ಸಭೆ ಕರೆದರು. ನಕ್ಷೆಯನ್ನು ಗೋಡೆಗೆ ಅಂಟಿಸಿ ಒಂದೊಂದೇ ವಿವರಿಸಿದೆ. ಜನಕ್ಕೆ ಇಷ್ಟವಾಯಿತು. ಕೊನೆಗೆ ಮೂಡಣ ಸಾಲಿನ ಮನೆಯ ಒಬ್ಬ ಹೆಂಗಸು ಎದ್ದು ನಿಂತಳು. ಸೊಂಟದ ಮೇಲೊಂದು ಮಗುವಿತ್ತು.

"ಮೇಡಂ, ಜೋಕಾಲಿ ಯಾಕೆ ಆ ಗೇಟ್ ಹತ್ರ ಹಾಕ್ತೀರಾ? ಸ್ಕೂಲ್ ಬಿಟ್ಟ ಹೊತ್ಗೆ ಅಲ್ಲಿ ಸುಡು ಬಿಸ್ಲು. ಗೇಟ್ ದಾಟಿದ್ರೆ ಬಸ್ಸು. ಹುಣಸೇಮರದ ಈ ಕಡೆ ಹಾಕಿ. ತಣ್ಣಗಿರುತ್ತೆ, ನಮ್ಮನೆ ಬಾಗ್ಲಲ್ಲಿ ನಿಂತ್ರೂ ಮಕ್ಳು ಕಾಣ್ತಾರೆ."

ಹತ್ತಾರು ಹೆಂಗಸರು ಹೌದು ಹೌದು ಅಂದರು. ಸಭೆ ನಡೆಸುತ್ತಿದ್ದ ಅಧಿಕಾರಿ ನನ್ನ ಕಡೆ ತಿರುಗಿ, "ನೀವು ಒಂದು ತಿಂಗಳು ನೆರಳು ಬರ್ಕೊಂಡ್ರಲ್ಲ, ಮೂರು ಗಂಟೆಗೆ ಎಲ್ಲಿರುತ್ತೆ?" ಎಂದು ಕೇಳಿದರು. ಮೂರು ಗಂಟೆಗೆ ನೆರಳು ಬೀಳುವುದು ಅಲ್ಲೇ, ಹಾಲಮ್ಮ ಕೂರುವಲ್ಲೇ. ನನ್ನ ಕೈಬರಹದಲ್ಲೇ ಇತ್ತು. ಆ ಹೆಂಗಸು ಹೇಳಿದ್ದು ನನ್ನ ಕಸುಬಿನ ಪ್ರಕಾರ ಪೂರ್ತಿ ಸರಿ. ಬೇಡ ಅನ್ನಲು ಒಂದೇ ಕಾರಣವಿತ್ತು, ಅದನ್ನು ಬಾಯಿ ಬಿಡುವುದಿಲ್ಲ ಎಂದು ಒಪ್ಪಿಕೊಂಡಿದ್ದೆ. ಬಿಟ್ಟಿದ್ದರೂ, ಕೂಸು ಹೂತ ಜಾಗ ಅಂದ ಮೇಲೆ ಆ ಪಾರ್ಕಿಗೆ ಯಾವ ತಾಯಿ ಮಗುವನ್ನು ಕಳಿಸುತ್ತಿದ್ದಳು? ಆಗಲಿ ಅಂದೆ.

ಮಾರನೇ ದಿನ ಹಾಲಮ್ಮನ ಪಕ್ಕದಲ್ಲಿ ಹೋಗಿ ಕೂತೆ. ಅಂತೂ ಹೇಳಿದೆ. ಅಗೆಯುವುದಿಲ್ಲ, ಮೇಲೆ ಒಂದೂವರೆ ಅಡಿ ಹೊಸ ಮಣ್ಣು ತುಂಬಿಸಿ ಅದರ ಮೇಲೆ ಜೋಕಾಲಿ ನಿಲ್ಲಿಸುತ್ತೇನೆ, ಕೆಳಗಿನದು ಕೆಳಗೇ ಇರುತ್ತದೆ ಎಂದು ಕಾಗದದ ಮೇಲೆ ಗೀಚಿ ತೋರಿಸಿದೆ. ಆಕೆ ಕಾಗದವನ್ನು ಕೈಗೆ ತೆಗೆದುಕೊಂಡು ನೋಡಿದರು.

"ಮಕ್ಳು ಬತ್ತಾರೆ ಅನ್ನಿ."

"ಬರ್ತಾರೆ."

"ಆಡ್ಲಿ ಬಿಡಿ. ಅವ್ನೂ ಇಷ್ಟ್ ವರ್ಷ ಒಬ್ನೇ ಇದ್ದ" ಅಂದರು. ಅವರ ಮುಖದಲ್ಲಿ ನಗುವಿನಂಥದ್ದನ್ನು ನಾನು ನೋಡಿದ್ದು ಅದೇ ಮೊದಲು.

ಒಂಬತ್ತು ಹಾಳೆಯ ನಕ್ಷೆ ತಯಾರಾಯಿತು. ಏಳನೇ ಹಾಳೆಯಲ್ಲಿ ಮರದ ಮೂಡಣಕ್ಕೆ ಬಾಣದ ಗುರುತು ಹಾಕಿ, "ಇಲ್ಲಿ ಅಗೆಯಕೂಡದು, ಮೇಲೆ ಮಣ್ಣು ತುಂಬುವುದು" ಎಂದು ಬರೆದೆ. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಉಬ್ಬುತ್ತದೆ. ಅದರ ಮೇಲೆ ನಿಲ್ಲಿಸಿದ ಕಂಬ ವಾಲುತ್ತದೆ. ಅದಕ್ಕೇ ಆಟದ ಸಾಮಾನು ಬರುವ ಕಡೆಯೆಲ್ಲ ಎರೆಮಣ್ಣನ್ನು ಮೂರಡಿ ತೆಗೆದು ಗಟ್ಟಿಯಾದ ಗರಸು ಮಣ್ಣು ತುಂಬಬೇಕು ಎಂಬುದು ನಾವೆಲ್ಲ ಬರೆಯುವ ರೂಢಿಯ ಸೂಚನೆ. ತರೀಕೆರೆಯ ಕೆಲಸದಿಂದ ಆ ಸೂಚನೆಗಳನ್ನು ಹಾಗೇ ಎತ್ತಿ ಮೊದಲನೇ ಹಾಳೆಗೆ ಅಂಟಿಸಿದ್ದೆ. ಆ ಒಂದು ಸಾಲನ್ನು ಹೊಡೆದುಹಾಕಬೇಕೆಂದು ನನಗೆ ಹೊಳೆಯಲಿಲ್ಲ. ಮೂರು ಸಲ ಓದಿ ಸಹಿ ಮಾಡಿದ್ದೆ. ಹೊಳೆಯಲಿಲ್ಲ.

ಕೆಲಸ ಪಡುವಣದ ಕಡೆಯಿಂದ ಶುರುವಾಯಿತು. ಶಿವಣ್ಣ ಎಂಬ ಮೇಸ್ತ್ರಿ ಬಂದರು. ಚುರುಕು ಮನುಷ್ಯ, ಹೇಳಿದ್ದಕ್ಕಿಂತ ಮೊದಲೇ ಮುಗಿಸುವ ಜಾತಿ. ಹುಣಸೆ ಮರದ ಕೆಲಸ ಇನ್ನೂ ಹದಿನೈದು ದಿನ ಇದೆ, ಆಗ ನಿಂತು ಹೇಳಿದರಾಯಿತು ಅಂದುಕೊಂಡು ನಾನು ಗಿಡ ಆರಿಸಲು ಲಕ್ಕವಳ್ಳಿ ಕಡೆಯ ನರ್ಸರಿಗೆ ಹೋದೆ. ಎರಡು ದಿನ ಹಿಡಿಯಿತು. ಜಿಟಿಜಿಟಿ ಮಳೆಯಲ್ಲಿ ಕೊಡೆ ಹಿಡಿದು ಸಾಲುಸಾಲು ಓಡಾಡಿ ಹೊಂಗೆ, ಬೇವು, ಕಮರ, ನೇರಳೆ ಒಂದೊಂದೇ ಕಾಂಡ ಸವರಿ ನೋಡಿ ಆರಿಸಿದೆ. ಪಟ್ಟಿಯಲ್ಲಿಲ್ಲದ ಒಂದು ಪಾರಿಜಾತವನ್ನೂ ಎತ್ತಿಕೊಂಡೆ. ಬೆಳಿಗ್ಗೆ ಹೂ ಉದುರುವ ಗಿಡ, ಹಾಲಮ್ಮನ ಜಾಗಕ್ಕೆ ಸರಿಹೋಗುತ್ತದೆ ಅನ್ನಿಸಿತು. ಗಿಡ ತುಂಬಿದ ಮಿನಿ ಲಾರಿಯ ಡ್ರೈವರ್ ಪಕ್ಕದಲ್ಲಿ ಕೂತು ತರೀಕೆರೆ ದಾಟಿ ಬರುವಾಗ ಇದ್ದಷ್ಟು ಸಂತೋಷವಾಗಿ ನಾನು ಮತ್ತೆ ಯಾವ ಕೆಲಸದಲ್ಲೂ ಇರಲಿಲ್ಲ.

ಲಾರಿ ಜಾಗಕ್ಕೆ ತಿರುಗಿದಾಗ ಹುಣಸೆ ಮರದ ಮೂಡಣಕ್ಕೆ ಒಂದು ಗುಂಡಿ ಕಂಡ ಹಾಗಾಯಿತು. ಇಳಿದು ಓಡಿದೆ. ಮೂವತ್ತಡಿ ಉದ್ದ, ಇಪ್ಪತ್ತಡಿ ಅಗಲ, ಮೂರಡಿ ಆಳ. ಬದಿಗಳನ್ನು ಚಾಕುವಿನಲ್ಲಿ ಕತ್ತರಿಸಿದ ಹಾಗೆ ನೀಟಾಗಿ ತೆಗೆದಿದ್ದರು. ಅರ್ಧ ಭಾಗಕ್ಕೆ ಆಗಲೇ ಕೆಂಪು ಗರಸು ಬಿದ್ದಿತ್ತು.

"ಮಳೆ ಹಿಡ್ಕೊಂಡ್ರೆ ಮಿಷನ್ ಇಳಿಯಲ್ಲ ಮೇಡಂ, ಅದಕ್ಕೆ ಮೊದ್ಲೇ ಮುಗಿಸ್ಬಿಟ್ಟೆ" ಎಂದು ಶಿವಣ್ಣ ನಗುತ್ತ ಬಂದರು.

"ಇಲ್ಲಿ ಅಗೀಬಾರ್ದು ಅಂತ ಬರ್ದಿದ್ನಲ್ಲ!"

ಅವರು ಗಾಬರಿಯಾಗಿ ಜೇಬಿನಿಂದ ಮಡಿಸಿದ ಹಾಳೆ ತೆಗೆದರು. "ನೋಡಿ ಮೇಡಂ, ಫಸ್ಟ್ ಶೀಟಲ್ಲೇ ಐತಲ್ಲ. ಆಟದ ಸಾಮಾನು ಬರೋ ಕಡೆ ಮೂರಡಿ. ನೀವೇ ಸೈನ್ ಮಾಡಿದೀರ."

ಮಾಡಿದ್ದೆ.

"ಏನಾದ್ರೂ... ಏನಾದ್ರೂ ಸಿಕ್ತಾ?"

"ಏನ್ ಸಿಗ್ಬೇಕು ಮೇಡಂ? ಬೇರು ಸಿಕ್ತು." ಆಮೇಲೆ ಏನೋ ನೆನಪಾದವರಂತೆ, "ಎಲೆ ಮಾರೋ ಅಮ್ಮ ಒಬ್ರು ನಿನ್ನೆ ಬೆಳಿಗ್ಗೆಯಿಂದ ಸಂಜೆ ತನಕ ಮರ ಒರಗ್ಕೊಂಡು ನಿಂತಿದ್ರು. ಕೂತ್ಕೊಳ್ಳಿ ಅಂದ್ರೂ ಕೂರ್ಲಿಲ್ಲ. ಈ ಮಣ್ಣು ಎಲ್ಲಿಗ್ ಹೋಯ್ತದೆ ಅಂತ ಒಂದೇ ಮಾತು ಕೇಳಿದ್ರು" ಅಂದರು.

ಹಾಲಮ್ಮನ ಮನೆ ಹುಡುಕಿಕೊಂಡು ಹೋದೆ. ಜಗುಲಿಯಲ್ಲಿ ಮರುಳಪ್ಪ ಮಿಷನ್ ತುಳಿಯುವುದನ್ನು ನಿಲ್ಲಿಸಿ ತಲೆ ತಗ್ಗಿಸಿದರು. ಒಳಗೆ ಹಾಲಮ್ಮ ಗೋಡೆಗೊರಗಿ ಕೂತಿದ್ದರು. ನಾನು ಹಾಳೆಗಳ ತಪ್ಪನ್ನು ಹೇಳಿ, ಕಾಲು ಹಿಡಿಯಲು ಹೋದೆ. ಕಾಲು ಹಿಂದಕ್ಕೆಳೆದುಕೊಂಡರು.

"ನಿಮ್ಗೆ ಗೊತ್ತಿಲ್ದಂಗೆ ಮಾಡಿದ್ರಾ?" ಎಂದು ಕೇಳಿದರು. "ನೀವು ಹೇಳೇ ಮಾಡಿಸ್ತಾ ಇದೀರ ಅಂದ್ಕಂಡೆ. ಹೇಳ್ಬೇಡಿ ಅಂದೋಳು ನಾನೇ, ಹೆಂಗ್ ಕೂಗ್ಲಿ ಅಂತ ಸುಮ್ನೆ ನಿಂತ್ಕಂಡೆ. ಒಂದ್ ಮಾತು ಕೂಗಿದ್ರೆ ಆ ಡ್ರೈವರ್ರು ನಿಲ್ಲಿಸ್ತಿದ್ನೋ ಏನೋ."

ಅದಾದ ಮೇಲೆ ಎದ್ದು ಸೆರಗು ಸಿಕ್ಕಿಸಿಕೊಂಡರು. "ಎಲ್ಲೆಲ್ಲಿಗ್ ಹೋಯ್ತು, ತೋರ್ಸಿ."

ಶಿವಣ್ಣನ ಹತ್ತಿರ ಕೇಳಿ ಬರೆದುಕೊಂಡು, ಜಾಗದಲ್ಲೇ ಬಿಟ್ಟು ಹೋಗಿದ್ದ ನನ್ನ ಸ್ಕೂಟರ್ ಹಿಂದೆ ಹಾಲಮ್ಮನನ್ನು ಕೂರಿಸಿಕೊಂಡು ಹೊರಟೆ. ಟ್ರ್ಯಾಕ್ಟರುಗಳು ಮಣ್ಣನ್ನು ನಾಲ್ಕು ಕಡೆ ಒಯ್ದಿದ್ದವು. ರೈಲ್ವೆ ಗೇಟಿನ ಹತ್ತಿರ ಯಾರೋ ಮನೆ ಕಟ್ಟಲು ಪಾಯ ಹಾಕಿದ್ದ ತಗ್ಗು ಸೈಟಿಗೆ ತುಂಬಿದ್ದರು. ಮೇಲೆ ಆಗಲೇ ಜಲ್ಲಿ ಬಿದ್ದಿತ್ತು. ಶಾಲೆಯೊಂದರ ಕಾಂಪೌಂಡಿನಲ್ಲಿ ಹೂವಿನ ಪಾತಿಗೆ ಹಾಕಿದ್ದರು. ತರೀಕೆರೆ ರಸ್ತೆಯ ಅಂಚಿಗೆ ಸುರಿದದ್ದನ್ನು ಮಳೆ ಆಗಲೇ ಚರಂಡಿಗೆ ಎಳೆದಿತ್ತು. ಕೊನೆಗೆ ಬುಕ್ಕಾಂಬುಧಿ ದಾರಿಯ ಒಂದು ತೆಂಗಿನ ತೋಟ. ಅಲ್ಲಿ ಒಂದೊಂದು ಮರದ ಬುಡಕ್ಕೂ ಒಂದೊಂದು ಪುಟ್ಟಿ ಹಂಚಿದ್ದರು. ಪ್ರತಿ ಕಡೆಯೂ ಹಾಲಮ್ಮ ಇಳಿದು ನಿಂತು ನೋಡಿ ಬಂದು ಸ್ಕೂಟರ್ ಹತ್ತಿದರು. ಅಳಲಿಲ್ಲ, ಬೈಯಲಿಲ್ಲ. ನನ್ನ ಹೆಗಲ ಮೇಲಿಟ್ಟ ಅವರ ಕೈ ಮಾತ್ರ ದಾರಿಯುದ್ದಕ್ಕೂ ಹಗುರವಾಗಿತ್ತು, ಮುಟ್ಟಬೇಕೋ ಬೇಡವೋ ಎಂಬ ಹಾಗೆ.

ತೆಂಗಿನ ತೋಟದಲ್ಲಿ ಮರದಿಂದ ಮರಕ್ಕೆ ನೋಡುತ್ತ ನಿಂತು, "ಒಂದ್ ಕಡೆ ಮಲಗಿದ್ದೋನ್ನ ನಾಲ್ಕು ಕಡೆ ಮಾಡಿಬಿಟ್ರಲ್ಲ ಕಡೂರವ್ವ" ಅಂದರು.

ಮಾರನೇ ದಿನದಿಂದ ಹತ್ತೂವರೆಗೆ ಅವರು ಬರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ ಬುಟ್ಟಿಯ ಕಡೆ ತಲೆ ಬಗ್ಗಿಸುತ್ತಿದ್ದರು. ನಾನು ಬಿಟ್ಟು ಹೋಗುವಂತಿರಲಿಲ್ಲ, ಪಾರ್ಕ್ ಮುಗಿಯಬೇಕಿತ್ತು. ಶ್ರಾವಣದ ಮಳೆಯಲ್ಲಿ ಗಿಡ ನೆಡಿಸಿದೆ. ದಾರಿಗೆ ಕಲ್ಲು ಹಾಸಿಸಿದೆ. ಹೊಂಗೆ ಚಿಗುರಿತು. ಮಳೆನೀರು ಇಂಗಲೆಂದು ಮಾಡಿದ ಹಳ್ಳ ಮೊದಲ ಸಲ ತುಂಬಿದಾಗ ಊರವರು ನೋಡಲು ಬಂದರು. ಆ ಪಾರಿಜಾತವನ್ನು ಎಲ್ಲಿ ನೆಟ್ಟರೋ, ನನಗೆ ನೆನಪಿಲ್ಲ. ಒಳ್ಳೆಯ ಪಾರ್ಕ್ ಆಗುತ್ತಿದೆ ಎಂದು ಎಲ್ಲರೂ ಹೇಳಿದರು. ಆಗುತ್ತಲೂ ಇತ್ತು. ಅದೇ ನನಗೆ ತಾಳಲಾಗದ ಮಾತಾಗಿತ್ತು.

ದೀಪಾವಳಿ ಕಳೆದ ಮೇಲೆ ಒಂದು ದಿನ ಧೈರ್ಯ ಮಾಡಿ ಮತ್ತೆ ಅವರ ಮನೆಗೆ ಹೋದೆ. ಹಾಲಮ್ಮ ಕಾಫಿ ಕೊಟ್ಟರು, ಮಗಳು ಮತ್ತೆ ಬಸುರಿ ಎಂದರು. ಏಳುವಾಗ ಬಾಗಿಲವರೆಗೆ ಬಂದು, "ಇನ್ ಬರ್ಬೇಡಿ ಕಡೂರವ್ವ. ನಿಮ್ ಮುಖ ನೋಡಿದ್ರೆ ಆ ಟ್ಯಾಕ್ಟರ್ ಕಾಣ್ತದೆ" ಅಂದರು. ಹೂಂ ಅಂದು ಇಳಿದೆ.

ಬೀದಿಯ ತಿರುವಿನಲ್ಲಿ ಮರುಳಪ್ಪ ಹಿಂದಿನಿಂದ ಬಂದು ಕೂಡಿಕೊಂಡರು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತು, ನನಗೂ ಕೂರಲು ಸನ್ನೆ ಮಾಡಿದರು.

"ಮೇಡಮ್ಮೋರೆ, ಆ ಮಣ್ಣಲ್ಲಿ ಏನೂ ಇರ್ಲಿಲ್ಲ" ಅಂದರು.

ನನಗೆ ಅರ್ಥವಾಗಲಿಲ್ಲ.

"ಶಿವಮೊಗ್ಗದಲ್ಲಿ ಬೆಳಿಗ್ಗೆನೇ ಹೋಗ್ಬಿಡ್ತು ಕೂಸು. ನಾನ್ ಕರ್ಕೊಂಡ್ ಹೋಗಿದ್ದೇ ತಡ ಆಗಿತ್ತು, ಡಾಕ್ಟ್ರು ಏನ್ ಮಾಡ್ತಾರೆ. ಬಟ್ಟೇಲಿ ಸುತ್ತಿ ಕೈಗ್ ಕೊಟ್ರು. ಬಸ್ ಹತ್ತಿದೆ. ಸತ್ತಿರೋದು ಅಂತ ಗೊತ್ತಾದ್ರೆ ಇಳಿಸಿಬಿಡ್ತಾರೆ ಅಂತ ಭಯ. ಮಲಗಿರೋ ಕೂಸಿನ ಥರ ಎದೆಗ್ ಒತ್ಕೊಂಡು ಬೆನ್ನು ತಟ್ತಾ ಕೂತಿದ್ದೆ. ಕಂಡಕ್ಟ್ರು ಹತ್ರ ಬಂದಾಗೆಲ್ಲ ಶ್ಶ್ ಶ್ಶ್ ಅಂತ ಇನ್ನೂ ತಟ್ತಿದ್ದೆ."

ಅವರು ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು.

"ಪಕ್ಕದಲ್ಲಿ ವಯಸ್ಸಾದ ಹೆಂಗ್ಸು ಒಬ್ಳು ಕೂತಿದ್ಲು. ಭದ್ರಾವತಿ ದಾಟಿದ್ ಮೇಲೆ, ಚಳಿ ಕಣಪ್ಪಾ ಅಂತ ಬಟ್ಟೆ ಸರಿ ಮಾಡಕ್ಕೆ ಹೋಗಿ ಕೂಸಿನ ಕಾಲು ಮುಟ್ಟಿದ್ಲು. ಮುಟ್ಟಿ ನನ್ ಮುಖ ನೋಡಿದ್ಲು. ಕೂಗ್ಲಿಲ್ಲ. ತಾಯಿ ಎಲ್ಲಿ ಅಂದ್ಲು. ಬಾಣಂತಿ, ಜ್ವರ ಅಂದೆ. 'ಹಂಗಾರೆ ಮನೆಗೆ ತಗಂಡೋಗ್ಬೇಡ ಕಣೋ, ನೋಡಿದ್ರೆ ಅವ್ಳೂ ಉಳಿಯಲ್ಲ, ಇಲ್ಲೇ ಎಲ್ಲಾದ್ರೂ ಇಳ್ಕೋ' ಅಂದ್ಲು. ಇಳ್ಕೊಂಡೆ. ಮಳೆ. ಒಂದು ನೀರಿನ ಚಾನಲ್ಲು, ಗದ್ದೆ. ಗದ್ದೇಲಿದ್ದೋರು ಯಾರೋ ಗುದ್ದಲಿ ಕೊಟ್ರು, ಏನು ಎತ್ತ ಕೇಳ್ಲಿಲ್ಲ. ನಾನೂ ಊರ್ ಹೆಸ್ರು ಕೇಳ್ಲಿಲ್ಲ. ಮುಗಿಸಿ ಇನ್ನೊಂದು ಬಸ್ ಹತ್ತಿ ಬಂದೆ."

"ಮತ್ತೆ ಹುಣಸೆ ಮರ?"

"ಎಲ್ಲಿ ಅಂತ ಕೇಳಿದ್ಲಲ್ಲ. ಎಲ್ಲಿ ಅಂತ ನಂಗೇ ಗೊತ್ತಿಲ್ಲ ಅನ್ನಕ್ಕಾಯ್ತದಾ? ಇಲ್ಲಿ ಬಸ್ಸಿಳಿದಾಗ ಕಣ್ಣಿಗ್ ಬಿದ್ದಿದ್ದು ಅದೊಂದೇ ಮರ. ಬಾಯಿಗೆ ಅದೇ ಬಂತು. ದಿನಾ ಹೋಗಿ ಕೂರ್ತಾಳೆ ಅಂತ ಯಾವನಿಗ್ ಗೊತ್ತಿತ್ತು. ಎರಡ್ ಸಲ ಆ ಗದ್ದೆ ಹುಡುಕ್ಕೊಂಡ್ ಹೋಗಿದ್ದೆ. ಎಲ್ಲಾ ಗದ್ದೆನೂ ಒಂದೇ ಥರ. ಈಗ ಆ ರೋಡು ಅಗಲ ಮಾಡ್ತಾ ಅವ್ರೆ, ಅಲ್ಲೂ ಜೆಸಿಬಿ." ನನ್ನ ಕಡೆ ತಿರುಗಿ ಕೇಳಿದರು: "ನಾಲ್ಕು ಕಡೆ ಆಯ್ತು ಅಂತ ಊಟ ಬಿಟ್ಟವ್ಳೆ. ನೀವು ಓದಿದೋರು. ಹೇಳ್ಲಾ, ಬೇಡ್ವಾ?"

"ಹೇಳಿ" ಅಂದೆ. ಆ ಕ್ಷಣ ನನ್ನ ಎದೆಯಿಂದ ಒಂದು ಭಾರ ಜಾರಿ ಇಳಿದದ್ದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆ ಗುಂಡಿಯಲ್ಲಿ ಮಗು ಇರಲಿಲ್ಲ, ನಾನು ಯಾರನ್ನೂ ಕೆದಕಿರಲಿಲ್ಲ. ಹಾಲಮ್ಮನಿಗೆ ಅದು ತಿಳಿಯಬೇಕು ಎಂದು ನನಗನ್ನಿಸಿದ್ದರಲ್ಲಿ ಅವರ ಪಾಲು ಎಷ್ಟು, ನನ್ನ ಪಾಲು ಎಷ್ಟು ಎಂದು ಆಗ ಯೋಚಿಸಲಿಲ್ಲ. ಮೂವತ್ತೊಂದು ವರ್ಷ ಖಾಲಿ ನೆಲದ ಮುಂದೆ ಬಿಸಿಲಲ್ಲಿ ಕೂತಿದ್ದೆ ಎಂದು ಕೇಳಿಸಿಕೊಳ್ಳುವುದು ಹೇಗಿರುತ್ತದೆ ಎಂದೂ ಯೋಚಿಸಲಿಲ್ಲ.

ಮೂರನೇ ದಿನ ಹಾಲಮ್ಮ ಪಾರ್ಕಿಗೆ ಬಂದರು. ಜೋಕಾಲಿಗೆ ಬಣ್ಣ ಬಳಿಯುತ್ತಿದ್ದವರು ಕೈ ನಿಲ್ಲಿಸಿ ನೋಡುವಷ್ಟು ಜೋರು ನಡಿಗೆ. ನೇರ ನನ್ನ ಮುಂದೆ ನಿಂತರು.

"ನೀವು ಹೇಳ್ಕೊಟ್ರಾ?"

"ಏನು ಹಾಲಮ್ಮ?"

"ಬಸ್ಸಂತೆ, ಮಳೆಯಂತೆ, ಯಾವ್ಳೋ ಮುದ್ಕಿಯಂತೆ. ಇಷ್ಟ್ ವರ್ಷ ನಂಗೊಂದು ಸುಳ್ಳು ಹೇಳ್ದೋನಲ್ಲ ಅವ್ನು. ನಿಮ್ ತಪ್ಪು ಮುಚ್ಕೊಳಕ್ಕೆ ಅವ್ನ ಬಾಯಲ್ಲಿ ಸುಳ್ಳು ಆಡಿಸಿದ್ರಲ್ಲ. ಮಣ್ಣು ತೆಗೆದಿದ್ದು ಸಾಲ್ಲಿಲ್ವಾ?"

ನಾನಲ್ಲ, ಅದು ನಿಜ, ಎಂದು ಎಷ್ಟು ಹೇಳಿದರೂ ಆಕೆ ಕೇಳಲಿಲ್ಲ. ಕೇಳುವುದಾದರೂ ಹೇಗೆ? ಅವರ ಪಾಲಿಗೆ ಮಾತಿಗೆ ತಪ್ಪಿದವಳು ನಾನು, ತಪ್ಪದವನು ಗಂಡ. ಈಗ ಅವನನ್ನೂ ನಾನು ಕೆಡಿಸಿದ್ದೆ. ಬಣ್ಣದ ಡಬ್ಬಿಗಳ ನಡುವೆ ಹಾದು ಹೊರಟು ಹೋದರು.

ಸಂಕ್ರಾಂತಿಗೆ ಮೊದಲು ಪಾರ್ಕ್ ತೆರೆಯಿತು. ಟೇಪ್ ಕತ್ತರಿಸಿದ ಐದು ನಿಮಿಷದಲ್ಲಿ ಮಕ್ಕಳು ಜೋಕಾಲಿಗೆ ಮುತ್ತಿಕೊಂಡರು. ಸಭೆಯಲ್ಲಿ ಎದ್ದು ನಿಂತಿದ್ದ ಆ ಹೆಂಗಸು ತನ್ನ ಮಗುವನ್ನು ತೂಗುತ್ತ ನನ್ನ ಕಡೆ ನೋಡಿ ಕೈ ಮುಗಿದಳು. ನನಗೆ ಶಾಲು ಹೊದಿಸಿದರು. ಆ ಕೆಲಸ ನೋಡಿ ಬೇರೆ ಊರುಗಳವರು ಕರೆದರು. ಮೂರು ವರ್ಷ ನಾನು ಅಜ್ಜಂಪುರದ ದಾರಿ ಹಿಡಿಯಲಿಲ್ಲ.

ಹೋದ ವರ್ಷ ಮೇಸ್ತ್ರಿ ಶಿವಣ್ಣ ಯಾವುದೋ ಕೆಲಸದ ಬಗ್ಗೆ ಫೋನ್ ಮಾಡಿದವರು, ಟೈಲರ್ ಮರುಳಪ್ಪ ತೀರಿಕೊಂಡು ತಿಂಗಳಾಯಿತು ಅಂದರು. ಬರಬೇಡಿ ಎಂದು ಹಾಲಮ್ಮ ಅಂದದ್ದು ಮರೆತಿರಲಿಲ್ಲ. ಆದರೂ ಹೋದೆ. ಬೆಳಗಿನ ಹೊತ್ತು, ಬಸ್ ಸ್ಟ್ಯಾಂಡಿನಲ್ಲಿ ಅದೇ ಜಾಗದಲ್ಲಿ ಬುಟ್ಟಿ ಇಟ್ಟುಕೊಂಡು, ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆ ಒರೆಸುತ್ತ ಕೂತಿದ್ದರು. ನನ್ನನ್ನು ನೋಡಿ ಪಕ್ಕದ ಗೋಣಿಚೀಲ ಸರಿಸಿ ಜಾಗ ಮಾಡಿದರು. ಕೂತೆ.

"ಅವ್ನಿಗೆ ಅನ್ನ ಇಕ್ತಿದ್ದೆ. ಮಾತು ಆಡ್ತಿರ್ಲಿಲ್ಲ" ಎಂದು ಅವರೇ ಶುರು ಮಾಡಿದರು. "ನಿಮ್ ಜೊತೆ ಸೇರ್ಕೊಂಡು ಸುಳ್ಳು ಹೇಳ್ದ ಅಂತ ಮೂರು ವರ್ಷ ಮಾತು ಬಿಟ್ಟೆ. ಸಾಯೋ ಹಿಂದಿನ ದಿನ ಕೈ ಹಿಡ್ಕೊಂಡು ಮತ್ತೆ ಅದೇ. ಬಸ್ಸು ಅಂದ. ಸುಮ್ನಿರು ಅಂದೆ. ಸುಮ್ನಾದ." ಎಲೆಯನ್ನು ಕಟ್ಟಿಗೆ ಸೇರಿಸಿದರು. "ಸಾಯೋ ಮನುಷ್ಯ ಸುಳ್ಳು ಹೇಳ್ತಾನೇನವ್ವ?"

"ಇಲ್ಲ ಹಾಲಮ್ಮ."

"ನೀವು ಹೇಳ್ಕೊಟ್ಟಿದ್ದಲ್ವಾ?"

"ಅಲ್ಲ."

ಒಂದು ಬಸ್ಸು ಬಂದು ನಿಂತು, ಜನ ಇಳಿದು ಹತ್ತಿ, ಹೊರಟಿತು. ಅವರು ಎಲೆ ಕೆಳಗಿಟ್ಟು ಕೈ ಒರೆಸಿಕೊಂಡರು.

"ನಂಗೆ ಅವ್ನು ಪೂರ್ತಿ ಹೇಳೇ ಇಲ್ಲ. ನಾನು ಬಿಡ್ಲೇ ಇಲ್ಲ. ನಿಮ್ಗೆ ಪೂರ್ತಿ ಹೇಳಿದಾನಲ್ಲ. ಹೇಳಿ."

ಹೇಳಿದೆ. ಮರುಳಪ್ಪ ಹೇಳಿದ ಹಾಗೇ, ನೆನಪಿದ್ದಷ್ಟೂ, ಒಂದನ್ನೂ ಬಿಡದೆ. ಆಸ್ಪತ್ರೆ, ಬಟ್ಟೆ, ಬಸ್ಸು. ಎದೆಗೊತ್ತಿಕೊಂಡು ಕೂತದ್ದು. ಹಾಲಮ್ಮ ನನ್ನ ಬಾಯನ್ನೇ ನೋಡುತ್ತ ಕೇಳುತ್ತಿದ್ದವರು ಅಲ್ಲಿ ತಡೆದರು.

"ತಟ್ತಿದ್ನಾ?"

"ಹೂಂ. ಶಿವಮೊಗ್ಗದಿಂದ ಬಸ್ಸಿಳಿಯೋ ತನಕ."

ಆಕೆ ಸೆರಗನ್ನು ಬಾಯಿಗೊತ್ತಿಕೊಂಡರು. ಎಲೆ ಕೊಳ್ಳಲು ಬಂದವರು ನಿಂತು ನೋಡಿ ಹೋದರು. ಆಮೇಲೆ ಬಾಯಿಂದ ಸೆರಗು ತೆಗೆದರು.

"ಅವ್ನಿಗೆ ಕೂಸು ಎತ್ಕೊಳಕ್ಕೇ ಬತ್ತಿರ್ಲಿಲ್ಲ ಕಣವ್ವ" ಅಂದರು. "ಎಲ್ಲಿ ಬೀಳಿಸ್ಬಿಡ್ತೀನೋ ಅಂತ ಹೆದ್ರುತ್ತಿದ್ದ."